ಜೀಪು, ಸ್ಪಾಟ್‌ಲೈಟು ಮತ್ತು ತಾತನ ಜೋಡಿ ನಳಿಗೆ

ಹೋದ ತಿಂಗಳು ಗೆಳೆಯನೊಬ್ಬ ಹೊಸ ಥಾರ್ ಕೊಂಡುಕೊಂಡ. ಗಾಡಿ ಮನೆಗೆ ಬಂದ ಮೊದಲ ಭಾನುವಾರವೇ ನಾಲ್ಕು ಜನ ಮಾಕಳಿದುರ್ಗದ ಕಡೆ ಹೊರಟೆವು. ಹತ್ತುವ ಹೊತ್ತಿಗೆ ಒಬ್ಬ "ಶಾಟ್‌ಗನ್!" ಅಂತ ಕೂಗಿ ಡ್ರೈವರ್ ಪಕ್ಕದ ಸೀಟು ಹಿಡಿದು ಕೂತುಬಿಟ್ಟ. ಇಂಗ್ಲಿಷ್ ಸಿನಿಮಾ ನೋಡಿ ನೋಡಿ ಕಲಿತದ್ದು. ಮುಂದಿನ ಸೀಟಿಗೂ ಬಂದೂಕಿಗೂ ಏನು ಸಂಬಂಧ ಅಂತ ಅಲ್ಲಿವರೆಗೆ ನಾವ್ಯಾರೂ ಯೋಚಿಸಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಹಳ್ಳಿ ಮನೆಗೆ ಹೋದೆವು. ಅಪ್ಪ ಜಗಲಿ ಮೇಲೆ ಹಳೇ ಪಂಚೆ ಹಾಸಿಕೊಂಡು ತಾತನ ಬಂದೂಕ ಬಿಚ್ಚಿಟ್ಟು ಒರೆಸುತ್ತಾ ಕೂತಿದ್ದರು. ಥಾರ್‌ನವನ ಕಣ್ಣು ಅರಳಿತು. "ಗುರೂ, ಇದನ್ನ ನನ್ನ ಗಾಡೀಲಿ ಇಟ್ಕೊಂಡು ಕಾಡು ಸುತ್ತಿದ್ರೆ ಹೆಂಗಿರತ್ತೆ? ಅಂಕಲ್, ರಫ್ ಯೂಸ್‌ಗೆ ಯಾವ ಗನ್ ಒಳ್ಳೇದು?" ಅಂದ. ಅಪ್ಪ ನಕ್ಕು "ಊಟ ಮಾಡ್ರಪ್ಪಾ ಮೊದ್ಲು" ಅಂದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು, "ನಂಗೆ ಎಪ್ಪತ್ತಾಯ್ತು. ಇದನ್ನ ನಿನ್ನ ಹೆಸರಿಗೆ ಮಾಡಿಸ್ಕೋತೀಯೋ, ಇಲ್ಲಾ ವಾಪಸ್ ಕೊಟ್ಟುಬಿಡೋಣವೋ, ಯೋಚ್ನೆ ಮಾಡು" ಅಂದರು.

ಗೆಳೆಯನದು ಒಂದು ಪ್ರಶ್ನೆ, ಅಪ್ಪನದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದೇ ಇತಿಹಾಸ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವನು ಬಂದೂಕಿನ ಇತಿಹಾಸ ಅಂದ ಕೂಡಲೇ ಟಿಪ್ಪುವಿನ ತುಪಾಕಿ, ರಾಕೆಟ್ಟು ಅಂತ ನೀವು ಅಂದುಕೊಳ್ಳಬಹುದು. ಇದು ಆ ಕಥೆಯಲ್ಲ :-)

ಮೊದಲು 'ಶಾಟ್‌ಗನ್' ಸೀಟಿನ ವಿಷಯ ಮುಗಿಸಿಬಿಡೋಣ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹಣ, ಟಪಾಲು ಸಾಗಿಸುವ ಕುದುರೆ ಸಾರೋಟುಗಳಿದ್ದವು. ಅವುಗಳಲ್ಲಿ ಗಾಡಿ ಹೊಡೆಯುವವನ ಪಕ್ಕ ಒಬ್ಬ ಕಾವಲುಗಾರ ಕೂರುತ್ತಿದ್ದ, ಅವನ ಕೈಯಲ್ಲಿ ಗಿಡ್ಡ ನಳಿಗೆಯ ಜೋಡಿ ಬಂದೂಕು. ರೈಫಲ್ ಬಿಟ್ಟು ಇದೇ ಯಾಕೆ ಅಂದರೆ, ಕುಲುಕುವ ಗಾಡಿ ಮೇಲೆ ಕೂತು ಒಂದೇ ಗುಂಡಿಗೆ ಗುರಿ ಹಿಡಿಯುವುದು ಕಷ್ಟ. ಶಾಟ್‌ಗನ್ನಿನ ತೋಟಾದೊಳಗೆ ಸೀಸದ ಚರೆಗಳಿರುತ್ತವೆ. ಹೊಡೆದರೆ ಅವು ಹರಡಿಕೊಂಡು ಹೋಗುತ್ತವೆ, ಗುರಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಅಂದರೆ ಶಾಟ್‌ಗನ್ನಿಗೂ ಗಾಡಿಗೂ ನಂಟು ಜೀಪು ಹುಟ್ಟುವ ಮೊದಲೇ ಇತ್ತು.

ಆದರೆ ಚರೆ ಹರಡುವುದರಿಂದಲೇ ಒಂದು ತೊಂದರೆಯೂ ಇದೆ. ಮೂವತ್ತೈದು ನಲವತ್ತು ಗಜ ದಾಟಿದರೆ ಚರೆಗಳು ಚೆಲ್ಲಾಪಿಲ್ಲಿಯಾಗಿ ಜೋರು ಕಳೆದುಕೊಳ್ಳುತ್ತವೆ. ಆದ್ದರಿಂದ ಶಾಟ್‌ಗನ್ ಹಿಡಿದವನು ಪ್ರಾಣಿಯ ಹತ್ತಿರ ಹೋಗಲೇಬೇಕು. ಈ ನಲವತ್ತು ಗಜದ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಮೊದಲಿದ್ದದ್ದು ಬಾಯಿಂದ ಮದ್ದು ತುಂಬುವ ಬಂದೂಕು. ಮಲೆನಾಡಿನವರು ಕೇಪಿನ ಕೋವಿ ಅನ್ನುತ್ತಾರೆ. ನಮ್ಮ ಕಡೆ ಕೋವಿ ಅನ್ನುವ ಮಾತು ಕಮ್ಮಿ, ಬಂದೂಕ ಅನ್ನುವುದೇ ಹೆಚ್ಚು. ಮದ್ದು ಹಾಕಿ, ಬಟ್ಟೆ ತುರುಕಿ, ಗಜದಿಂದ ಗುದ್ದಿ, ಚರೆ ಹಾಕಿ, ಮತ್ತೆ ಗುದ್ದಿ, ಕೊನೆಗೆ ಕೇಪು ಇಡಬೇಕು. ಹಂದಿ ಬರುವ ಹೊಲದಲ್ಲಿ ಅಟ್ಟಣೆ ಕಟ್ಟಿ ಕೂತವನಿಗೆ ರಾತ್ರಿಗೆ ಒಂದು ಈಡು ಸಾಕು, ಅವನಿಗೆ ಅದೇ ಸರಿ. ಗಾಡಿಯಲ್ಲಿ ಒಯ್ಯುವುದಕ್ಕೆ ಮಾತ್ರ ಅದು ಆಗದ ಮಾತು. ಒಮ್ಮೆ ತುಂಬಿದ ಮದ್ದನ್ನು ಸುಲಭವಾಗಿ ಖಾಲಿ ಮಾಡಲು ಬರುವುದಿಲ್ಲ, ಹೊಡೆದೇ ಖಾಲಿ ಮಾಡಬೇಕು. ಥಂಡಿ ತಗುಲಿದರೆ ಆ ಮದ್ದು ಹತ್ತುವುದೂ ಇಲ್ಲ.

ಆಮೇಲೆ ಬಂದದ್ದು ಹಿಂದಿನಿಂದ ತೋಟಾ ತುಂಬುವ ಬಂದೂಕು. ನಡುವೆ ಮಡಚಿದರೆ ನಳಿಗೆ ಬಾಗಿ ಬಾಯಿ ತೆರೆಯುತ್ತದೆ. ಹೊರಗೆ ಕುದುರೆ ಕಾಣದ, ಒಳಗೇ ಎಲ್ಲಾ ಯಂತ್ರ ಇರುವ ಮಾದರಿಯನ್ನು ಆನ್ಸನ್ ಮತ್ತು ಡೀಲಿ ಅನ್ನುವ ಇಬ್ಬರು 1875ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರೂಪಿಸಿದರು. ಇವತ್ತಿಗೂ ಜೋಡಿ ನಳಿಗೆ ಬಂದೂಕುಗಳಲ್ಲಿ ಬಹಳಷ್ಟರ ಒಳಗಿರುವುದು ಅದೇ ಏರ್ಪಾಡು. ನಮ್ಮ ತಾತನದೂ ಬರ್ಮಿಂಗ್‌ಹ್ಯಾಮ್ ಮಾಲೇ. 12 ಬೋರ್. ಈ ಹನ್ನೆರಡು ಅನ್ನುವುದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಆ ನಳಿಗೆಗೆ ಸರಿಯಾಗಿ ಕೂರುವಂಥ ಸೀಸದ ಗುಂಡುಗಳನ್ನು ಎರಕ ಹೊಯ್ದರೆ ಒಂದು ಪೌಂಡಿಗೆ ಹನ್ನೆರಡು ಬರಬೇಕು ಅನ್ನುವ ಹಳೇ ಲೆಕ್ಕ ಅದು. ಅಳೆದರೆ ಸುಮಾರು ಹದಿನೆಂಟೂವರೆ ಮಿಲಿಮೀಟರ್.

ಈ ಬಂದೂಕುಗಳು ಯಾರ ಕೈಗೆ ಬರಬೇಕು ಅನ್ನುವುದನ್ನು ಕಾಯ್ದೆ ತೀರ್ಮಾನ ಮಾಡುತ್ತಿತ್ತು. 1857ರ ದಂಗೆ ಆದ ಮೇಲೆ ಬ್ರಿಟಿಷರಿಗೆ ಜನರ ಕೈಯಲ್ಲಿ ಆಯುಧ ಇರುವುದೇ ಭಯ. 1878ರ ಶಸ್ತ್ರಾಸ್ತ್ರ ಕಾಯ್ದೆ ಲೈಸೆನ್ಸನ್ನು ಕಡ್ಡಾಯ ಮಾಡಿತು. ಕೊಡಗಿನವರಿಗೆ ಮಾತ್ರ ಅದಕ್ಕೂ ಮೊದಲೇ, 1861ರಲ್ಲಿ, ವಿನಾಯಿತಿ ಸಿಕ್ಕಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ನಮ್ಮ ಬಯಲುಸೀಮೆಯವರಿಗೆ ಅಂಥ ಭಾಗ್ಯ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆದ 1959ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರಲ್ಲಿ ರೈತನ ಮಟ್ಟಿಗೆ ಎರಡು ಬಗೆಯ ಬಂದೂಕನ್ನು ಬೇರೆಯಾಗಿ ಹೆಸರಿಸಿದ್ದರು: ಬೆಳೆ ಕಾಯಲು ಬಾಯಿಂದ ತುಂಬುವ ಬಂದೂಕು, ರಕ್ಷಣೆಗೋ ಆಟಕ್ಕೋ 20 ಇಂಚಿಗಿಂತ ಗಿಡ್ಡವಲ್ಲದ ನಳಿಗೆಯ ನಯ ಬೋರಿನ ಬಂದೂಕು. ಅಮೆರಿಕದ ಸಾರೋಟಿನವನ ಹಾಗೆ ನಳಿಗೆ ಕತ್ತರಿಸಿಕೊಂಡು ಓಡಾಡುವ ಹಾಗಿಲ್ಲ ಅಂತ ಇದರಲ್ಲೇ ಬಂತು.

ಈಗ ಗಾಡಿಯ ಕಡೆ ಬರೋಣ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಾಡಿನ ಕಥೆಗಳನ್ನು ಓದದ ಕನ್ನಡ ಬ್ಲಾಗಿಗ ಇರಲಿಕ್ಕಿಲ್ಲ. 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಅನ್ನುವ ಹೆಸರುಗಳನ್ನು ನೋಡಿ. ಇವತ್ತು ಮೆಟ್ರೋ ಸ್ಟೇಷನ್ ಇರುವ ಜಾಲಹಳ್ಳಿಯಲ್ಲಿ ಆಗ ಚಿರತೆ ಬೇಟೆ! ಬೆಂಗಳೂರಿನಲ್ಲೇ ಇದ್ದು, ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು, 1974ರಲ್ಲಿ ತೀರಿಕೊಂಡ ಆಂಡರ್ಸನ್ ಹತ್ತಿರ ಸ್ಟುಡಿಬೇಕರ್ ಕಾರಿತ್ತು. ಕಥೆಗಳಲ್ಲಿ ಆ ಕಾರು ಏನು ಕೆಲಸ ಮಾಡುತ್ತದೆ ಅಂತ ಗಮನಿಸಿ. ಅದು ಅವನನ್ನು ಊರಿನವರೆಗೆ ಮುಟ್ಟಿಸುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಕಾಲ್ನಡಿಗೆ, ಹೆಜ್ಜೆ ಗುರುತು, ಮರದ ಮೇಲೆ ರಾತ್ರಿಯೆಲ್ಲಾ ಸೊಳ್ಳೆ ಕಡಿತ. ಗಾಡಿಯಲ್ಲಿ ಬೇಟೆಗೆ ಹೋಗುವುದು ಬೇರೆ, ಗಾಡಿಯಿಂದಲೇ ಬೇಟೆ ಆಡುವುದು ಬೇರೆ.

ಎರಡನೇ ಮಹಾಯುದ್ಧ ಈ ವ್ಯತ್ಯಾಸವನ್ನು ಅಳಿಸಿಹಾಕಿತು. ಯುದ್ಧಕ್ಕೆ ಬಂದ ಜೀಪುಗಳು ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದವು. ಅದೇ ಕಾಲಕ್ಕೆ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದರು. ಆ ಕಂಪನಿಯದೇ ಮೊಮ್ಮಗ ನನ್ನ ಗೆಳೆಯನ ಥಾರ್. ರಸ್ತೆ ಇಲ್ಲದ ಕಡೆ, ಕೆರೆ ಅಂಗಳದಲ್ಲಿ, ಕಲ್ಲು ಬಯಲಿನಲ್ಲಿ ನಾಲ್ಕೂ ಚಕ್ರದ ಬಲದಲ್ಲಿ ಓಡುವ ಗಾಡಿ ಮೊದಲ ಸಲ ದುಡ್ಡಿದ್ದವರ ಕೈಗೆ ಬಂತು. ಗಾಡಿಯ ಬ್ಯಾಟರಿಗೆ ಒಂದು ಸ್ಪಾಟ್‌ಲೈಟು ಸಿಗಿಸಿಕೊಂಡರೆ ಆಯಿತು. ರಾತ್ರಿ ಆ ಬೆಳಕು ಕಣ್ಣಿಗೆ ಬಿದ್ದರೆ ಜಿಂಕೆ, ಮೊಲ ದಿಕ್ಕು ತೋಚದೆ ನಿಂತುಬಿಡುತ್ತವೆ. ಅವುಗಳ ಕಣ್ಣು ಬೇರೆ ಹೊಳೆದು ತಾವೆಲ್ಲಿದ್ದೇವೆ ಅಂತ ತೋರಿಸಿಕೊಡುತ್ತದೆ.

ಈಗ ಆ ನಲವತ್ತು ಗಜ ನೆನಪು ಮಾಡಿಕೊಳ್ಳಿ. ಬಯಲಿನ ಕೃಷ್ಣಮೃಗ ಹಗಲು ಹೊತ್ತು ನಡೆದು ಬರುವ ಮನುಷ್ಯನನ್ನು ಅಷ್ಟು ಹತ್ತಿರಕ್ಕೆ ಸೇರಿಸುವುದೇ ಇಲ್ಲ. ಶಾಟ್‌ಗನ್ ಇದ್ದರೂ ಪ್ರಾಣಿಗೆ ಇದ್ದ ರಕ್ಷಣೆ ಈ ದೂರವೇ. ಜೀಪು ಮತ್ತು ದೀಪ ಸೇರಿ ಆ ದೂರವನ್ನು ಇಲ್ಲದ ಹಾಗೆ ಮಾಡಿದವು. ಬಂದೂಕು ಐವತ್ತು ವರ್ಷದಿಂದ ಇದ್ದದ್ದೇ, ಅದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮ ದೇಶದ ಕೊನೆಯ ಚೀತಾಗಳು ಅಂತ ಲೆಕ್ಕದಲ್ಲಿರುವ ಮೂರನ್ನು ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ರಾಜ 1947ರಲ್ಲಿ ಹೊಡೆದ. ಅದು ರಾತ್ರಿ ಹೊತ್ತು, ಗಾಡಿಯಲ್ಲಿ ಹೋಗುವಾಗ, ಹೆಡ್‌ಲೈಟಿನ ಬೆಳಕಲ್ಲಿ. 1952ರಲ್ಲಿ ಹುಟ್ಟಿದ ಭಾರತೀಯ ವನ್ಯಜೀವಿ ಮಂಡಳಿ ತನ್ನ ಮೊದಲ ಸಭೆ ನಡೆಸಿದ್ದು ನಮ್ಮ ಮೈಸೂರಿನಲ್ಲಿ. ಅಧ್ಯಕ್ಷರು ಜಯಚಾಮರಾಜ ಒಡೆಯರ್. ಮೈಸೂರು ಸಂಸ್ಥಾನಕ್ಕೆ 1901ರಿಂದಲೇ ಬೇಟೆ ಮತ್ತು ಮೀನಿನ ರಕ್ಷಣೆಗೆ ಕಾನೂನಿತ್ತು. ಆದರೆ ಅದನ್ನು ಬರೆದಾಗ ಜೀಪು ಅನ್ನುವುದೇ ಹುಟ್ಟಿರಲಿಲ್ಲ.

ಇನ್ನು ನಮ್ಮ ತಾತನ ಕಥೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವರೇ ಒಂದು ಸಲ ಹೇಳಿದ್ದು, ಮತ್ತೆ ಕೇಳಿದರೆ ಹೇಳಲಿಲ್ಲ. 1960ರ ಆಸುಪಾಸು. ಬೆಂಗಳೂರಿನ ಕಂಟ್ರಾಕ್ಟರ್ ಒಬ್ಬರು ಹರಾಜಿನಲ್ಲಿ ಜೀಪು ಹಿಡಿದಿದ್ದರು. ದಾರಿ ಬಲ್ಲವನು, ಸ್ವಂತ ಬಂದೂಕ ಬೇರೆ ಇದೆ ಅಂತ ತಾತನನ್ನು ಜೊತೆಗೆ ಕರೆದುಕೊಂಡರು. ಗೌರಿಬಿದನೂರು ದಾಟಿ ಮಧುಗಿರಿ ಸೀಮೆಯ ಮೈದನಹಳ್ಳಿ ಬಯಲು. ದೀಪ ತಿರುಗಿಸಿದ ಕೂಡಲೇ ಹುಲ್ಲಿನ ಮೇಲೆ ಕಣ್ಣುಗಳ ಸಾಲು, ಕಾರ್ತೀಕದಲ್ಲಿ ದೇವಸ್ಥಾನದ ಮುಂದೆ ದೀಪ ಹಚ್ಚಿಟ್ಟ ಹಾಗೆ ಇತ್ತಂತೆ. ತಾತ ಎರಡು ಈಡು ಹೊಡೆದರು. ಮಿಕ್ಕದ್ದೆಲ್ಲಾ ಪೇಟೆಯವರು. ಬೆಳಗಾದ ಮೇಲೆ ಜೀಪಿನ ಹಿಂದೆ ಎಣಿಸಿದರೆ ಏಳು. ಅದರಲ್ಲಿ ಎರಡು ಗಬ್ಬದವು.

"ಬ್ಯಾಟೆ ಅಲ್ಲ ಕಣ್ ಮಗ ಅದು, ಕುಯ್ಲು" ಅಂದಿದ್ದರು ತಾತ. ರಾಗಿ ಕುಯ್ಯುವವನಿಗೆ ರಾಗಿಯಿಂದ ಯಾವ ಅಪಾಯವೂ ಇಲ್ಲ, ರಾಗಿ ಓಡಿಯೂ ಹೋಗುವುದಿಲ್ಲ. ಅವತ್ತಿನಿಂದ ಅವರು ಬಂದೂಕ ಹಿಡಿದು ಯಾರ ಜೀಪೂ ಹತ್ತಲಿಲ್ಲ. ಕಾಲಲ್ಲಿ ನಡೆದು ಹೋಗುವಷ್ಟು ದೂರ ಬಂದೂಕ ಹೋದರೆ ಸಾಕು ಅನ್ನುತ್ತಿದ್ದರಂತೆ. ಆ ಮೈದನಹಳ್ಳಿ ಬಯಲೇ ಈಗ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ. 2007ರಲ್ಲಿ ಘೋಷಣೆ ಆಯಿತು, ವಿಸ್ತೀರ್ಣ 798 ಎಕರೆ. ನಾನು ಎರಡು ಸಲ ಕ್ಯಾಮೆರಾ ಹಿಡಿದುಕೊಂಡು ಹೋಗಿ ಬಂದಿದ್ದೇನೆ. ಮೊದಲ ಸಲ ಫೋಟೋ ತೋರಿಸಲು ತಾತ ಇರಲಿಲ್ಲ.

ತಾತ ತಾವಾಗಿ ಬಿಟ್ಟದ್ದನ್ನು ದೇಶ 1972ರಲ್ಲಿ ಕಾನೂನು ಮಾಡಿತು. ಆ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ, ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಇನ್ನೂ ಇತ್ತು. ಆದರೆ ಗಾಡಿಯಿಂದ ಹೊಡೆಯುವುದು, ಗಾಡಿಯಲ್ಲಿ ಅಟ್ಟುವುದು, ರಾತ್ರಿ ಹೊಡೆಯುವುದು ನಿಷಿದ್ಧ ಅಂತ ಬಿಡಿಬಿಡಿಯಾಗಿ ಬರೆದರು. ಮೂರೂ ಸೇರಿದರೆ ಏನಾಗುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. 1991ರ ತಿದ್ದುಪಡಿ ಉಳಿದಿದ್ದ ಬೇಟೆ ಲೈಸೆನ್ಸನ್ನೂ ತೆಗೆದುಹಾಕಿತು.

ಸರಿ, ಗೆಳೆಯ ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ. ಗಾಡಿಯಲ್ಲಿ ಒಯ್ಯಲು ಗಟ್ಟಿಮುಟ್ಟಾದ ಬಂದೂಕು ಯಾವುದು? ತಾತನ ಕಾಲದವರನ್ನು ಕೇಳಿದರೆ ಮಡಚುವ ಜೋಡಿ ನಳಿಗೆ ಅನ್ನುತ್ತಿದ್ದರು. ಪಂಪ್ ಆಕ್ಷನ್ನಿನಲ್ಲಿ ಹೆಚ್ಚು ತೋಟಾ ಹಿಡಿಯುತ್ತದೆ, ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯವರೂ ಮಾಡಿದರು. ಆದರೆ ಒಳಗೆ ಅಲುಗಾಡುವ ಭಾಗ ಜಾಸ್ತಿ, ತುಂಬಿದೆಯೋ ಖಾಲಿಯೋ ಅಂತ ಹೊರಗಿನಿಂದ ಕಾಣುವುದಿಲ್ಲ. ಜೋಡಿ ನಳಿಗೆಯನ್ನು ಮಡಚಿ ಹಿಡಿದರೆ ಹತ್ತು ಅಡಿ ದೂರದಲ್ಲಿದ್ದವನಿಗೂ ಖಾಲಿ ಅಂತ ಗೊತ್ತಾಗುತ್ತದೆ. ನಳಿಗೆ, ಹಿಡಿ, ಮುಂದಿನ ಮರದ ತುಂಡು ಅಂತ ಮೂರು ಭಾಗ ಮಾಡಿ ಚೀಲದಲ್ಲಿ ಇಡಲೂಬಹುದು.

ಇನ್ನೊಂದು ವಿಷಯ ನನ್ನಂಥ ಇಂಜಿನಿಯರ್‌ಗೆ ತುಂಬಾ ಹಿಡಿಸಿತು. ಇಂಥ ಬಂದೂಕುಗಳ ಸೇಫ್ಟಿ ಬಟನ್ ಸಾಮಾನ್ಯವಾಗಿ ತಡೆಯುವುದು ಕುದುರೆಯನ್ನಲ್ಲ, ಟ್ರಿಗರನ್ನು ಮಾತ್ರ. ಬಂದೂಕು ಮುಚ್ಚಿದಾಗ ಒಳಗಿನ ಸುತ್ತಿಗೆ ಸ್ಪ್ರಿಂಗಿನ ಒತ್ತಡದಲ್ಲಿ ಒಂದು ಸಣ್ಣ ಕೊಕ್ಕೆಯ ಮೇಲೆ ನಿಂತಿರುತ್ತದೆ. ಆ ಕೊಕ್ಕೆ ಸವೆದಿದ್ದು, ಗಾಡಿ ಗುಂಡಿಗೆ ಬಿದ್ದು ಬಲವಾಗಿ ಕುಲುಕಿದರೆ ಬಟನ್ ಹಾಕಿದ್ದರೂ ಈಡು ಹಾರಬಹುದು. ಅದಕ್ಕೇ ತಾತನ ನಿಯಮ: ಗಾಡಿ ಹತ್ತುವ ಮುಂಚೆ ತೋಟಾ ಹೊರಗೆ, ಬಂದೂಕ ಚೀಲದೊಳಗೆ. ತೋಟಾ ಬೇರೆ ಜೇಬಲ್ಲಿ.

ಆರೈಕೆಗೂ ಅವರದೇ ಕ್ರಮ ಇತ್ತು. ನಮ್ಮ ಕೆಂಪು ಮಣ್ಣಿನ ಧೂಳು ಎಣ್ಣೆ ಜೊತೆ ಸೇರಿದರೆ ಉಜ್ಜುಕಾಗದದ ಹಾಗೆ ಲೋಹ ತಿನ್ನುತ್ತದೆ. ಆದ್ದರಿಂದ ಎಣ್ಣೆ ಬಳಿಯಬೇಕು, ಆಮೇಲೆ ಬಹುಪಾಲು ಒರೆಸಿ ತೆಗೆಯಬೇಕು. ಕೊಬ್ಬರಿ ಎಣ್ಣೆ ಕೂಡದು, ಅಂಟಾಗುತ್ತದೆ. ಮರಕ್ಕೆ ಅಗಸೆ ಎಣ್ಣೆ. ಚರ್ಮದ ಚೀಲದಲ್ಲಿ ಸಾಗಿಸಬಹುದು, ಇಡಬಾರದು, ಚರ್ಮ ತೇವ ಹಿಡಿದು ಕಬ್ಬಿಣಕ್ಕೆ ತುಕ್ಕು ಕೊಡುತ್ತದೆ. ತುಂಬುವ ಮೊದಲು ಪ್ರತೀ ಸಲ ನಳಿಗೆಯನ್ನು ಬೆಳಕಿಗೆ ಹಿಡಿದು ಆಚೆ ತುದಿ ಕಾಣುತ್ತದಾ ಅಂತ ನೋಡಬೇಕು. ತುದಿಯಲ್ಲಿ ಒಂದು ಮುದ್ದೆ ಮಣ್ಣು ಕೂತಿದ್ದರೂ ನಳಿಗೆ ಒಡೆಯಬಹುದು. ಮತ್ತೊಂದು ಮುಖ್ಯ ವಿಷಯ: ಹಳೇ ಇಂಗ್ಲಿಷ್ ಬಂದೂಕುಗಳಲ್ಲಿ ಬಹಳಷ್ಟರ ತೋಟಾ ಕೋಣೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗಿನ 70 ಮಿಲಿಮೀಟರ್ ತೋಟಾ ಅದರೊಳಗೆ ಹೋಗಿ ಕೂರುತ್ತದೆ. ಕೂತಿತಲ್ಲ ಅಂತ ಹೊಡೆಯಬಾರದು. ಹೊಡೆದಾಗ ತೋಟಾದ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಕೆಳಗಿನ ಪ್ರೂಫ್ ಗುರುತು ಓದದೆ ಹಳೇ ಬಂದೂಕು ಮುಟ್ಟಬೇಡಿ.

ಇಷ್ಟೆಲ್ಲಾ ಹೇಳಿದ ಮೇಲೆ ಗೆಳೆಯನಿಗೆ ಕೊಟ್ಟ ಉತ್ತರ ಇದು: ನಿನ್ನ ಥಾರ್‌ಗೆ ಯಾವ ಬಂದೂಕೂ ಬೇಡ. ಅನುಮತಿ ಪತ್ರ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಕ್ಕರೇ ಅಪರಾಧ. ಬೇಟೆಯಲ್ಲಿ ಸಿಕ್ಕಿಬಿದ್ದು ಸಾಬೀತಾದರೆ ಬಂದೂಕಿನ ಜೊತೆ ಗಾಡಿಯೂ ಸರ್ಕಾರದ ಆಸ್ತಿ. ಗಾಡಿ ಸಾಲದ ಕಂತು ಮಾತ್ರ ನಿನ್ನದೇ. ಅವನು ಸುಮ್ಮನಾದ :-)

ಅಪ್ಪನ ಪ್ರಶ್ನೆ ಇಷ್ಟು ಸುಲಭ ಅಲ್ಲ. 2016ರ ನಿಯಮದ ಪ್ರಕಾರ ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ ವಾರಸುದಾರನಿಗೆ ಬಂದೂಕು ವರ್ಗ ಮಾಡಿಸಬಹುದು. ನಾನು ಸುರಕ್ಷತಾ ತರಬೇತಿ ಮುಗಿಸಿ, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬೇಕು. ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ, ಪ್ರತೀ ಚುನಾವಣೆಗೆ ಠಾಣೆಗೆ ಒಪ್ಪಿಸುವುದು. 2023ರ ವಿಧಾನಸಭೆ, 2024ರ ಲೋಕಸಭೆ ಎರಡಕ್ಕೂ ಒಪ್ಪಿಸಿದ್ದೆವು. ಎರಡನೇ ಸಲ ವಾಪಸ್ ಬಂದಾಗ ಬಲ ನಳಿಗೆ ಮೇಲೆ ಎಂಟಾಣೆ ಅಗಲ ತುಕ್ಕು. ಅಪ್ಪ ಅದನ್ನು ತೆಗೆಯಲು ನಾಲ್ಕು ಭಾನುವಾರ ಕೂತರು.

"ಬಂದೂಕ ಇರಲಿ ಬಿಡಿ, ಚಿರತೆ ಕಾಲ" ಅನ್ನುವ ನೆಂಟರೂ ಇದ್ದಾರೆ. ಅವರ ಭಯ ಸುಳ್ಳಲ್ಲ. 2024ರ ನವೆಂಬರ್‌ನಲ್ಲಿ ನೆಲಮಂಗಲ ತಾಲ್ಲೂಕಿನಲ್ಲಿ, ಶಿವಗಂಗೆ ಹತ್ತಿರ, ಚಿರತೆ ಒಬ್ಬ ಹೆಂಗಸನ್ನು ಕೊಂದಿತು. ಆದರೆ ಅಂಥ ಚಿರತೆಯನ್ನು ಹಿಡಿಯುವುದೋ ಕೊಲ್ಲುವುದೋ ಅನ್ನುವುದು ಮುಖ್ಯ ವನ್ಯಜೀವಿ ಪರಿಪಾಲಕರ ಕೈಯಲ್ಲಿದೆ. ನಾನು ತಾತನ ಬಂದೂಕ ಹಿಡಿದು ಹೊರಟರೆ ಗಾಯಗೊಂಡ ಚಿರತೆಯೊಂದನ್ನು ಊರಿಗೆ ಬಿಟ್ಟ ಹಾಗಾಗುತ್ತದೆ, ಅಷ್ಟೇ. ಜಾಲಹಳ್ಳಿ ಕಥೆ ಓದಿದವರಿಗೆ ಅದರ ಅರ್ಥ ಗೊತ್ತು.

ಎರಡು ವಾರ ಯೋಚಿಸಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಬೇಡಪ್ಪಾ, ಲೈಸೆನ್ಸ್ ಇರುವ ಅಂಗಡಿಯವರಿಗೆ ಕೊಟ್ಟುಬಿಡೋಣ ಅಂತ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿಮ್ ತಾತ ಕೊನೇ ಹದಿನೈದು ವರ್ಷ ಒಂದೂ ಈಡು ಹೊಡೀಲಿಲ್ಲ. ಆದ್ರೆ ಒಂದ್ಸಲಾನೂ ರಿನ್ಯೂವಲ್ ತಪ್ಪಿಸ್ಲಿಲ್ಲ. ಈ ಆಯುಧಪೂಜೆ ಒಂದು ಆಗ್ಲಿ" ಅಂದರು. ಆಗಲಿ ಅಂದೆ. ಹಬ್ಬಕ್ಕೆ ಊರಿಗೆ ಹೋಗಿ ಈ ಸಲ ನಾನೇ ಒರೆಸಬೇಕು ಅಂತಿದ್ದೇನೆ.

ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನಲ್ಲೋ ಇಂಥದ್ದೊಂದು ಇದ್ದರೆ, ಅದರ ಕಥೆ ಹೇಳುವವರು ಇನ್ನೂ ಇದ್ದರೆ, ಕೇಳಿ ಬರೆದಿಡಿ. ಮಲೆನಾಡಿನವರು, ಕೊಡಗಿನವರು ನನ್ನ ಬಂದೂಕು ಜ್ಞಾನದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿ.